ಒಂದ ಮಷೀನು, ಐದು ಮಂದಿ: ಆರ್‌ಡಿಪಿ ಮ್ಯಾಲೆ ಡೆವಲಪ್‌ಮೆಂಟ್ ಮಾಡಾಕ ಹೋದ ಒಂದು ಪ್ರಕರಣ

ಇದು ಹುಬ್ಬಳ್ಳಿಯ ಒಂದು ಸಣ್ಣ ಸಾಫ್ಟ್‌ವೇರ್ ಆಫೀಸಿನಾಗ 2023ರ ಅಕ್ಟೋಬರಿನಿಂದ 2024ರ ಫೆಬ್ರುವರಿ ತನಕ ನಡೆದದ್ದು. ಆಫೀಸಿನ ಹೆಸರು, ಮಂದಿ ಹೆಸರು ಹಾಕಿಲ್ಲ, ಗುರುತು ಸಿಗೋ ಒಂದೆರಡು ಸಂಗತಿ ಬದಲು ಮಾಡೀನಿ, ಆದ್ರ ಮಷೀನಿನ ಒಳಗ ಏನಾತು ಅನ್ನೋದು ಇದ್ದದ್ದು ಇದ್ದಂಗ ಐತಿ. ಅಲ್ಲೆ ಸಿಸ್ಟಮ್ ನೋಡ್ಕೊಳ್ಳೋ ಕೆಲಸ ನಂದಿತ್ತು, ಹಿಂಗಾಗಿ ಕೆಳಗ ಬರೋ ತಪ್ಪು ನಿರ್ಧಾರದಾಗ ಕೆಲವು ನನ್ನವ. ಸಣ್ಣ ಊರಿನ ಆಫೀಸ್‌ನ್ಯಾಗ ಒಂದ ಮಷೀನಿಗೆ ಎಲ್ಲಾರೂ ಆರ್‌ಡಿಪಿ (ದೂರದ ವಿಂಡೋಸ್ ಮಷೀನಿನ ಪರದೆನ ನಮ್ಮ ಮಷೀನಿನಾಗ ತೆರದು ಕೆಲಸ ಮಾಡೋ ದಾರಿ) ಹಚ್ಚೋ ಇಂಥಾ ಜೋಡಣೆ ಭಾಳ ಕಡೆ ಐತಿ, ಅದಕ್ಕ ಉದ್ದಕ್ಕ ಬರಿಯಾಕತ್ತೀನಿ.

ಹೆಂಗ ಶುರು ಆತು

ಆಫೀಸಿನಾಗ ಒಂದ ಒಂದು ದೊಡ್ಡ ಮಷೀನು. 8 ಕೋರ್, 64 ಜಿಬಿ ರ‍್ಯಾಮ್, ಛಲೋ ಗ್ರಾಫಿಕ್ಸ್ ಕಾರ್ಡ್, ಮ್ಯಾಲೆ ವಿಂಡೋಸ್ 11 ಪ್ರೊ. ಡೆವಲಪರ್‌ಗಳು ಐದು ಮಂದಿ. ಒಬ್ಬಾಕಿ ಗದಗದಿಂದ, ಒಬ್ಬಾಂವ ರಾಣೆಬೆನ್ನೂರಿಂದ, ಇನ್ನೊಬ್ಬಾಂವ ಲಕ್ಷ್ಮೇಶ್ವರದಿಂದ ಕೆಲಸ ಮಾಡ್ತಿದ್ರು, ಉಳಿದಿಬ್ಬರು ಧಾರವಾಡದಾಗ. ಕೊರೊನಾ ಟೈಮಿನಾಗ ಮನಿಯಿಂದ ಕೆಲಸ ಶುರು ಆದದ್ದು ಹಂಗ ಮುಂದುವರದಿತ್ತು, ದಿನಾ ಬಸ್ಸು ಹಿಡದು ಬರೂದು ಯಾರಿಗೂ ಬ್ಯಾಡಾಗಿತ್ತು, ಮಾಲಕರಿಗೂ ಅದು ಒಪ್ಪಿಗಿ ಇತ್ತು. ತೊಡಕು ಅಂದ್ರ ಇವರ ಮನ್ಯಾಗಿನ ಲ್ಯಾಪ್‌ಟಾಪ್. ಕಾಲೇಜಿನಾಗ ಓದೂಮುಂದ ತೊಗೊಂಡದ್ದು, 4 ಜಿಬಿ ರ‍್ಯಾಮ್. ಫೋನ್ ಆ್ಯಪ್ ಮಾಡೋ ಆಂಡ್ರಾಯ್ಡ್ ಸ್ಟುಡಿಯೋಕ್ಕ ಕಡಿಮಿ ಅಂದ್ರೂ 8 ಜಿಬಿ ಬೇಕು, ಅದೂ ಎಮ್ಯುಲೇಟರ್, ಅಂದ್ರ ಕಂಪ್ಯೂಟರಿನೊಳಗ ಓಡೋ ನಕಲಿ ಫೋನ್, ಬಿಟ್ಟು.

ಕೆಲಸ ಏನಂದ್ರ ಬ್ಯಾಡಗಿ ಮಾರ್ಕೆಟ್ಟಿನ ಒಣಮೆಣಸಿನಕಾಯಿ ದಲಾಲರಿಗೆ ಒಂದು ಆ್ಯಪ್. ಯಾವ ರೈತರ ಲಾಟ್, ಎಷ್ಟು ಚೀಲ, ತೂಕ ಎಷ್ಟು, ತಳಿ ಯಾವುದು, ದರ ಏನು, ಇಷ್ಟನ್ನ ಫೋನಿನಾಗ ಬರ್ಕೊಂಡು ಚೀಟಿ ತೆಗಿಯೂದು. ರಿಯಾಕ್ಟ್ ನೇಟಿವ್‌ನಾಗ ಬರದದ್ದು (ಜಾವಾಸ್ಕ್ರಿಪ್ಟಿನಾಗ ಫೋನ್ ಆ್ಯಪ್ ಮಾಡೋ ಒಂದು ಚೌಕಟ್ಟು ಅದು), ಅದೂ ಹಳೇ ಆವೃತ್ತಿ ಮ್ಯಾಲೆ. ಹೊಸಾ ಮಾಲು ಜೋರಾಗಿ ಬರೂದು ಸಂಕ್ರಾಂತಿ ಆದ್ಮ್ಯಾಲೆ, ಅದರೊಳಗ ಕೊಡತೀವಿ ಅಂತ ಮಾಲಕರು ಮಾತು ಕೊಟ್ಟಿದ್ರು.

ಮಾಲಕರು ಹೇಳಿದ್ದು ಸರಳ ಇತ್ತು: "ಅಷ್ಟು ದೊಡ್ಡ ಮಷೀನು ಇಲ್ಲೆ ಸುಮ್ನ ಕುಂತೈತಿ, ಎಲ್ಲಾರೂ ಮನಿಯಿಂದ ಅದಕ್ಕ ಆರ್‌ಡಿಪಿ ಹಚ್ಚಲಿ." ಕೇಳಾಕ ಖರೇನ ಸರಿ ಇತ್ತು. ಆದ್ರ ವಿಂಡೋಸ್ ಪ್ರೊ ಒಂದು ಸಲಕ್ಕ ಒಬ್ಬರನ್ನಷ್ಟ ಒಳಗ ಬಿಡತೈತಿ, ಎರಡನೇದವರು ಬಂದ್ರ ಮೊದಲನೇದವರು ಹೊರಗ. ಬಹಳ ಮಂದಿ ಒಟ್ಟಿಗೆ ಬೇಕಂದ್ರ ವಿಂಡೋಸ್ ಸರ್ವರ್ ಹಾಕಿ, ಬರೋ ಪ್ರತಿಯೊಬ್ಬರಿಗೂ ಕ್ಯಾಲ್ ಅನ್ನೋ ಲೈಸೆನ್ಸ್ ತೊಗೋಬೇಕು. ಆ ಖರ್ಚು ಕೇಳಿ ಮಾಲಕರು ಹಿಂದ ಸರದ್ರು. ಆವಾಗ ಇಂಟರ್ನೆಟ್‌ನಾಗ ಸಿಗೋ ಒಂದು ಫುಕಟ್ ರ‍್ಯಾಪರ್ ನಾನ ತಂದು ಹಾಕಿದೆ, ಅದು ಟರ್ಮ್‌ಎಸ್‌ಆರ್‌ವಿ ಅನ್ನೋ ಡಿಎಲ್‌ಎಲ್ ಫೈಲನ್ನ (ವಿಂಡೋಸಿನಾಗ ಆರ್‌ಡಿಪಿ ನಡಸೋ ಭಾಗ ಅದು) ಮೆಮೊರಿಯೊಳಗ ತಿದ್ದಿ ಒಬ್ಬರ ಮಿತಿ ತೆಗದು ಹಾಕತೈತಿ. ಲೈಸೆನ್ಸಿಗೆ ಇದು ವಿರುದ್ಧ ಅಂತ ನನಗ ಗೊತ್ತಿತ್ತು, ಮಾಲಕರಿಗೂ ಹೇಳಿದ್ದೆ, "ಸದ್ಯಕ್ಕ ನಡೀಲಿ" ಅಂದ್ರು, ನಾನೂ ಹೂಂ ಅಂದೆ. ಮುಂದ ಆದ ಎಲ್ಲಾ ತ್ರಾಸಿನ ಬೇರು ಈ ಒಂದು ಹೂಂ ಒಳಗ ಐತಿ ಅಂತ ನನಗ ಈಗ ಅನಸತೈತಿ.

ಮೊದಲನೇ ತಿಂಗಳು

ಮೊದಲ ದಿನಾನ ಎಮ್ಯುಲೇಟರ್ ಕಿಡಕಿ ಬರೇ ಕಪ್ಪು. ಮಷೀನಿನ ಮುಂದ ಕುಂತು ತೆರದ್ರ ಛಲೋ ಓಡತಿತ್ತು, ಆರ್‌ಡಿಪಿ ಒಳಗ ತೆರದ್ರ ಕಪ್ಪು. ಆರ್‌ಡಿಪಿ ಸೆಷನ್ ಅಂದ್ರ ವಿಂಡೋಸ್ ಬ್ಯಾರೆ ಒಂದು ಡಿಸ್‌ಪ್ಲೇ ಹುಟ್ಟಿಸಿ ಕೊಡತೈತಿ, ಅದರೊಳಗ ಗ್ರಾಫಿಕ್ಸ್ ಕಾರ್ಡಿನ ಓಪನ್‌ಜಿಎಲ್ (ಚಿತ್ರ ಬಿಡಸೋ ಸೌಲಭ್ಯ) ಸಿಗತೈತಿ ಅನ್ನೋ ಖಾತ್ರಿ ಇಲ್ಲ, ಡ್ರೈವರ್ ಮ್ಯಾಲೆ ಹೋಗತೈತಿ. ಎಮ್ಯುಲೇಟರ್ ಸೆಟ್ಟಿಂಗಿನಾಗ ಗ್ರಾಫಿಕ್ಸ್ ಅನ್ನೋದನ್ನ ಸಾಫ್ಟ್‌ವೇರಿಗೆ ಹಾಕಿದ್ವಿ, ಅಂದ್ರ ಸ್ವಿಫ್ಟ್‌ಶೇಡರ್, ಚಿತ್ರ ಬಿಡಸೋ ಕೆಲಸ ಪೂರಾ ಸಿಪಿಯು ಮ್ಯಾಲೆ. ಚಿತ್ರ ಬಂತು. ಆದ್ರ ಮೂರು ಮಂದಿ ಎಮ್ಯುಲೇಟರ್ ಹಚ್ಚಿದ್ರ ಸಿಪಿಯು ತುಂಬಿ ನಾಲ್ಕನೇದವರಿಗೆ ಮೌಸ್ ಸುದ್ದಾ ತಡದು ತಡದು ಬರತಿತ್ತು.

ಟಿಎಸ್‌ಕಾನ್ ಅನ್ನೋ ಕಮಾಂಡಿನಿಂದ ಆರ್‌ಡಿಪಿ ಸೆಷನ್ನನ್ನ ಮಷೀನಿನ ಖುದ್ ಪರದೆಗೆ ತಿರುಗಿಸಿದ್ರ ಕಾರ್ಡ್ ಸಿಗತೈತಿ ಅಂತ ಧಾರವಾಡದ ಹುಡುಗ ಹುಡಿಕಿ ತಂದ. ಮಾಡಿ ನೋಡಿದ್ವಿ, ಖರೇ ಸಿಗತೈತಿ. ಆದ್ರ ಖುದ್ ಪರದೆ ಒಂದ ಇರೂದು, ಒಬ್ಬರಿಗಷ್ಟ ಆಗತೈತಿ, ಮ್ಯಾಲೆ ಆಫೀಸಿನಾಗ ಆ ಪರದೆ ಲಾಕ್ ಇಲ್ದ ಬಿಚ್ಚಿ ಬಿದ್ದಿರತೈತಿ, ಯಾರ ಬಂದ್ರೂ ಮುಟ್ಟಬಹುದು. ಅದನ್ನ ಅವತ್ತ ಬಂದ್ ಮಾಡಿಸಿದೆ.

ಆಮ್ಯಾಲೆ ರ‍್ಯಾಮ್. 64 ಜಿಬಿ ಅಂದ್ರ ಐದು ಮಂದಿಗೆ ಸಾಕಾಗಿ ಉಳೀಬೇಕು, ಆದ್ರ ಮುಂಜಾನೆ ಬಂದು ನೋಡಿದ್ರ ಯಾರೂ ಕೆಲಸಕ್ಕ ಕುಂತಿಲ್ಲ, ರ‍್ಯಾಮ್ ಮಾತ್ರ ತುಂಬಿರತಿತ್ತು. ಕಾರಣ ಏನಂದ್ರ ಎಲ್ಲಾರೂ ಆರ್‌ಡಿಪಿ ಕಿಡಕಿ ಮ್ಯಾಲಿನ ಇಂಟು ಗುರ್ತು ಒತ್ತಿ ಮುಚ್ಚಿ ಹೋಗತಿದ್ರು. ಹಂಗ ಮುಚ್ಚಿದ್ರ ಸೆಷನ್ ಸಾಯಂಗಿಲ್ಲ, ಡಿಸ್‌ಕನೆಕ್ಟ್ ಆಗಿ ಒಳಗ ಜೀವಂತ ಇರತೈತಿ, ಎಮ್ಯುಲೇಟರ್, ನೋಡ್ (ಜಾವಾಸ್ಕ್ರಿಪ್ಟ್ ಓಡಸೋ ಪ್ರೋಗ್ರಾಮ್), ಎಲ್ಲಾ ಓಡ್ಕೋತನ ಇರತಾವು. ಬಿಲ್ಡ್ ಮಾಡೋ, ಅಂದ್ರ ಕೋಡಿನಿಂದ ಆ್ಯಪ್ ಕಟ್ಟೋ, ಗ್ರೇಡಲ್ ಟೂಲಿನ ಡೀಮನ್ನಾದ್ರೂ (ಹಿಂದ ಓಡೋ ಪ್ರೊಸೆಸ್) ಕೆಲಸ ಇಲ್ದ 3 ತಾಸು ಆದ್ರ ತಾನ ಮುಚ್ಕೋತೈತಿ, ಎಮ್ಯುಲೇಟರ್ ಮುಚ್ಚಂಗಿಲ್ಲ. ಒಳಗ ಯಾರ್ಯಾರ ಸೆಷನ್ ಅದಾವು ಅಂತ ತೋರಸೋ ಕ್ಯೂಯೂಸರ್ ಕಮಾಂಡ್ ಹೊಡದ್ರ ಐದೂ ಹೆಸರು ಸಾಲಾಗಿ, ಎಲ್ಲಾದರ ಮುಂದ "ಡಿಸ್ಕ್", ಅಂದ್ರ ಡಿಸ್‌ಕನೆಕ್ಟ್, ಅಂತ.

ಇಲ್ಲೆ ನಾನು ಒಂದು ತಪ್ಪು ಮಾಡಿದೆ. ವಿಂಡೋಸಿಗೆ ನಿಯಮ ಹಾಕೋ ಗ್ರೂಪ್ ಪಾಲಿಸಿಯೊಳಗ ಡಿಸ್‌ಕನೆಕ್ಟ್ ಆದ ಸೆಷನ್ 1 ತಾಸಿಗೆ ಕೊನಿ ಆಗಬೇಕು ಅಂತ ಹಾಕಿದೆ, ಯಾರಿಗೂ ಸರಿಯಾಗಿ ಹೇಳಲಿಲ್ಲ. ಮರುದಿನ ಲಕ್ಷ್ಮೇಶ್ವರದಾಗ ಸಂಜಿಮುಂದ ಕರೆಂಟ್ ಹೋತು, ಬರಾಕ ಒಂದೂವರಿ ತಾಸು ಹಿಡೀತು. ಆ ಹುಡುಗ ದಲಾಲರ ಹಿಂದಿನ ವರ್ಷದ ಲಾಟ್ ದಾಖಲೆ ಪೂರಾ ಹೊಸಾ ಡೇಟಾಬೇಸಿಗೆ ಏರಸೋ ಸ್ಕ್ರಿಪ್ಟ್ ಹಚ್ಚಿ ಬಿಟ್ಟಿದ್ದ. ತಿರುಗಿ ಬಂದು ನೋಡಿದ್ರ ಸೆಷನ್ನೂ ಇಲ್ಲ, ಸ್ಕ್ರಿಪ್ಟೂ ಇಲ್ಲ, ಅರ್ಧ ದಾಖಲೆ ಏರೇತಿ, ಅರ್ಧ ಇಲ್ಲ, ಎಲ್ಲಿ ತನಕ ಏರೇತಿ ಅನ್ನೋದು ಗೊತ್ತಿಲ್ಲ. "ಸರ್, ಮನ್ಯಾಗ ಕರೆಂಟ್ ಹೋದ್ರ ಆಫೀಸಿನ ಮಷೀನಿಗೆ ಏನೂ ಆಗಂಗಿಲ್ಲ ಅಂತ ನೀವ ಹೇಳಿದ್ರಲ್ರಿ" ಅಂದ. ಆಂವ ಹೇಳಿದ್ದು ಬರೋಬ್ಬರಿ ಇತ್ತು. ನಮ್ಮ ಭಾಗದಾಗ ಕರೆಂಟ್ ಹೋಗೂದು ಗೊತ್ತಿದ್ದು ಆ 1 ತಾಸಿನ ಮಿತಿ ಹಾಕಿದ್ದು ನನ್ನ ತಪ್ಪು. ಮಿತಿ ತೆಗದೆ, ಬದ್ಲಿಗೆ ಎಲ್ಲಾರಿಗೂ ದಿನಾ ಹೇಳಾಕ ಶುರು ಮಾಡಿದೆ, ಕೆಲಸ ಮುಗದ್ರ ಕಿಡಕಿ ಮುಚ್ಚಬ್ಯಾಡ್ರಿ, ಸೈನ್ ಔಟ್ ಮಾಡ್ರಿ.

ಡಬ್ಬಿ ಒತ್ತಿದ್ರ ಕಡ್ಡಿ ಬರತಿತ್ತು

ಈ ಪ್ರಕರಣದ ತಿರುವು ಇಲ್ಲೈತಿ, ಸ್ವಲ್ಪ ಸಾವಕಾಶ ಹೇಳತೀನಿ.

ಆ್ಯಪಿನಾಗ ತಳಿ ಆರಸೋ ಪಟ್ಟಿ ಇತ್ತು: ಕಡ್ಡಿ, ಡಬ್ಬಿ, ಗುಂಟೂರು. ಡಬ್ಬಿ ಒತ್ತಿದ್ರ ಚೀಟಿಯೊಳಗ ಕಡ್ಡಿ ಅಂತ ಬರತಿತ್ತು. ಡಬ್ಬಿ ದರ ಬ್ಯಾರೆ, ಕಡ್ಡಿ ದರ ಬ್ಯಾರೆ, ರೈತರ ಕೈಯಾಗ ಹೋಗೋ ಚೀಟಿ ಅದು, ಇಂಥಾ ತಪ್ಪು ಒಂದು ದಿನಾನೂ ಇರಬಾರದು. ಗದಗದಾಕಿಗೆ ಆ ಬಗ್ ಕೊಟ್ಟಿದ್ವಿ. ಆಕಿ ಅರ್ಧ ತಾಸಿನಾಗ ಹಿಡದಳು, ಪಟ್ಟಿಯ ಎಣಿಕಿ ಸೊನ್ನೆಯಿಂದನೋ ಒಂದರಿಂದನೋ ಅನ್ನೋ ಒಂದು ಸಾಲಿನ ತಪ್ಪು. ತಿದ್ದಿದಳು, ಓಡಿಸಿದಳು, ಮತ್ತ ಕಡ್ಡಿ. ಕ್ಯಾಶ್ ತೆಗದಳು, ಕಡ್ಡಿ. ನೋಡ್ ಮಾಡ್ಯೂಲ್ಸ್ ಫೋಲ್ಡರ್ ಅಳಿಸಿ ಮತ್ತ ಹಾಕಿದಳು, ಅದಕ್ಕ ಒಂದು ತಾಸು, ಕಡ್ಡಿ. ಕಡೀಕ ಆ್ಯಪಿನ ಹೆಡ್ಡಿಂಗಿನಾಗ "ಟೆಸ್ಟ್ 1" ಅಂತ ಬರದು ನೋಡಿದಳು, ಅದೂ ಬರಲಿಲ್ಲ. ಟೆಸ್ಟ್ 2, ಟೆಸ್ಟ್ 3. ಎರಡು ದಿನ ಹಿಂಗ ಹೋದ್ವು. ತನ್ನ ಕೋಡ್ ಮ್ಯಾಲಿನ ಧೈರ್ಯಾನ ಹೊಂಟ್ಹೋಗಿತ್ತು ಆಕಿದು, ಫೋನಿನಾಗ ದನಿ ಕೇಳಿದ್ರ ತಿಳೀತಿತ್ತು.

ನಡುವ ಒಂದು ಮಾತು ಆಗಿತ್ತು, ಅದನ್ನ ನಾನು ಈಗೂ ಮರತಿಲ್ಲ. ಆಕಿ ಮೆಟ್ರೊ ಅಂದ್ರ ರಿಯಾಕ್ಟ್ ನೇಟಿವ್ ಕೋಡನ್ನ ಎಮ್ಯುಲೇಟರಿಗೆ ಕೊಡೋ ಸರ್ವರನ್ನ ಹೊಸದಾಗಿ ಶುರು ಮಾಡಾಕ ಹೋದ್ರ 8081 ಪೋರ್ಟ್ (ಮಷೀನಿನಾಗ ಪ್ರೋಗ್ರಾಮ್ ಮಾತಾಡೋ ಬಾಗಲದ ನಂಬರ್) ಮೊದಲ ಬಳಕಿಯೊಳಗೈತಿ ಅಂತ ಬರತಿತ್ತು. ನೆಟ್‌ಸ್ಟ್ಯಾಟ್ ಹೊಡದು ಆ ಪ್ರೊಸೆಸ್ಸಿನ ನಂಬರ್ ಹಿಡದು ಕೊಲ್ಲಾಕ ನೋಡಿದ್ರ "ಆ್ಯಕ್ಸೆಸ್ ಈಸ್ ಡಿನೈಡ್". ನನಗ ಕೇಳಿದಳು, "ಸರ್, ನನ್ನ ಮೆಟ್ರೊ ನನಗ ಬಂದ್ ಮಾಡಾಕ ಬರವಲ್ತ್ರಿ." ನಾನು ಬ್ಯಾರೆ ಕೆಲಸದಾಗಿದ್ದೆ, "ನಿಂದ ಹಳೇ ಸೆಷನ್ದು ಉಳದಿರಬೇಕು ತಂಗಿ, ಓಡತೈತಲ್ಲ, ಇರಲಿ ಬಿಡು" ಅಂದೆ. ಡಿಸ್‌ಕನೆಕ್ಟ್ ಸೆಷನ್ನಿನ ತಲಿಬ್ಯಾನಿ ನಮಗ ಆವಾಗಷ್ಟ ಪರಿಚಯ ಆಗಿದ್ದಕ್ಕ ಆ ಕಾರಣ ಲಗೂ ಒಪ್ಪಿಗಿ ಆತು. ಆದ್ರ ಒಂದು ನಿಮಿಷ ನಿಂತು ವಿಚಾರ ಮಾಡಿದ್ರ ತಿಳೀತಿತ್ತು: ತನ್ನದ ಪ್ರೊಸೆಸ್ ಇದ್ರ ಕೊಲ್ಲಾಕ ಅನುಮತಿ ಯಾಕ ಸಿಗಂಗಿಲ್ಲ? ಸಿಗಲಿಲ್ಲ ಅಂದ್ರ ಅದು ಆಕಿದಲ್ಲ. ಉತ್ತರ ಪರದೆ ಮ್ಯಾಲ ಇತ್ತು, ನಾನು ಓದಲಿಲ್ಲ.

ಮೂರನೇ ದಿನ ರಾತ್ರಿ ಎಂಟೂವರಿ ಸುಮಾರ ಆಕಿ ಫೋನ್ ಮಾಡಿದಳು. ಆ್ಯಪ್ ಒಮ್ಮೆಲೆ ಕೆಂಪಾಗಿ ನಿಂತೈತಿ, ಡೆವಲಪ್‌ಮೆಂಟ್ ಸರ್ವರಿಗೆ ಹತ್ತವಲ್ತು ಅನ್ನಾಕತ್ತೈತಿ, ತಾನು ಏನೂ ಮುಟ್ಟಿಲ್ಲ. ನಾನು ಮಷೀನಿನೊಳಗ ಹೋಗಿ 8081 ನೋಡಿದೆ, ಯಾರೂ ಇಲ್ಲ, ಖಾಲಿ. "ಈಗ ಶುರು ಮಾಡು" ಅಂದೆ. ಶುರು ಮಾಡಿದಳು. ಹೆಡ್ಡಿಂಗಿನಾಗ "ಟೆಸ್ಟ್ 3". ಡಬ್ಬಿ ಒತ್ತಿದಳು, ಚೀಟಿಯೊಳಗ ಡಬ್ಬಿ. ಫೋನಿನಾಗ ಇಬ್ಬರೂ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಏನಾಗಿತ್ತಂದ್ರ, ಎಂಟೂವರಿಗೆ ಸ್ವಲ್ಪ ಮದ್ಲ ರಾಣೆಬೆನ್ನೂರಿನಾಂವ ಊಟಕ್ಕ ಎದ್ದಿದ್ದ, ನಾನು ದಿನಾ ಬೈಯತಿದ್ದಕ್ಕ ಅವತ್ತು ಮೊದಲನೇ ಸಲ ಕಿಡಕಿ ಮುಚ್ಚದ ಸೈನ್ ಔಟ್ ಮಾಡಿದ್ದ. ಅವನ ಮೆಟ್ರೊ ಸತ್ತಿತು. ಅಂದ್ರ ಆ ಎರಡೂವರಿ ದಿನ ಗದಗದಾಕಿ ನೋಡಾಕತ್ತಿದ್ದು ತನ್ನ ಕೋಡ್ ಅಲ್ಲ, ಅವಂದು.

ಇದು ಹೆಂಗ ಅಂದ್ರ, ವಿಂಡೋಸ್ ಪ್ರತಿಯೊಂದು ಸೆಷನ್ನಿಗೆ ಬ್ಯಾರೆ ಡೆಸ್ಕ್‌ಟಾಪ್ ಕೊಡತೈತಿ, ಬ್ಯಾರೆ ಕ್ಲಿಪ್‌ಬೋರ್ಡ್, ಬ್ಯಾರೆ ಯೂಸರ್ ಫೋಲ್ಡರ್, ಹಿಂಗಾಗಿ ನೋಡಾಕ ತನ್ನದ ಒಂದು ಕಂಪ್ಯೂಟರ್ ಇದ್ದಂಗ ಕಾಣತೈತಿ. ನೆಟ್‌ವರ್ಕ್ ಪೋರ್ಟ್ ಮಾತ್ರ ಎಲ್ಲಾರಿಗೂ ಕೂಡಿ ಒಂದ. ಲೋಕಲ್‌ಹೋಸ್ಟ್ ಅಂದ್ರ "ನಾನು" ಅಲ್ಲ, "ಈ ಮಷೀನು". ಎಮ್ಯುಲೇಟರಿನ ಒಳಗಿಂದ 10.0.2.2 ಅನ್ನೋ ವಿಳಾಸ ಅದ ಮಷೀನಿನ ಲೂಪ್‌ಬ್ಯಾಕಿಗೆ, ಅಂದ್ರ ಲೋಕಲ್‌ಹೋಸ್ಟಿಗೆ, ಹೋಗತೈತಿ, ಅಲ್ಲೆ 8081ರ ಮ್ಯಾಲೆ ಯಾರು ಕುಂತಾರೋ ಅವರ ಕೋಡ್ ಬರತೈತಿ. ನಮ್ಮ ಹಳೇ ರಿಯಾಕ್ಟ್ ನೇಟಿವ್ ಆವೃತ್ತಿ ಆ್ಯಪ್ ಓಡಸೋಮುಂದ ಪೋರ್ಟಿನ ಮ್ಯಾಲೆ ಮೆಟ್ರೊ ಐತಿ ಅನ್ನೋದನ್ನಷ್ಟ ನೋಡಿ, "ಜೆಎಸ್ ಸರ್ವರ್ ಮೊದಲ ಓಡಾಕತ್ತೈತಿ" ಅಂತ ಒಂದು ಸಾಲು ಬರದು ಮುಂದ ಹೋಗತಿತ್ತು, ಅದು ಯಾರ ಮೆಟ್ರೊ, ಯಾವ ಫೋಲ್ಡರಿಂದು ಅಂತ ಕೇಳತಿದ್ದಿಲ್ಲ.

ಅವತ್ತ ಇನ್ನೊಂದು ಗಂಟೂ ಬಿಚ್ಚಿತು. ರಾಣೆಬೆನ್ನೂರಿನಾಂವ ಹದಿನೈದು ದಿನದಿಂದ ಹೇಳತಿದ್ದ, "ಸರ್, ನನ್ನ ಎಮ್ಯುಲೇಟರಿನಾಗ ಆ್ಯಪ್ ತಾನ ಬಂದ್ ಆಗಿ ತಾನ ಶುರು ಆಗಾಕತ್ತೈತ್ರಿ." ಎಮ್ಯುಲೇಟರ್ ಹಾಳಾಗಿರಬೇಕು ಅಂತ ಎರಡು ಸಲ ಅಳಿಸಿ ಹೊಸದು ಮಾಡಿಸಿದ್ದೆ. ಎಮ್ಯುಲೇಟರ್, ಫೋನ್ ಜೋಡಿ ಮಾತಾಡೋ ಎಡಿಬಿ ಅನ್ನೋ ಟೂಲಿನ ಸರ್ವರೂ ಪೋರ್ಟ್ ಮ್ಯಾಲನ ಕುಂಡ್ರತೈತಿ, 5037. ಮೊದಲು ಯಾರು ಶುರು ಮಾಡ್ತಾರೋ ಅವರದ್ದ ಸರ್ವರ್, ಉಳಿದವರೆಲ್ಲಾ ಅದಕ್ಕ ಹೋಗಿ ಹತ್ತತಾರ, ಆ ಸರ್ವರಿಗೆ ಮಷೀನಿನ ಮ್ಯಾಲಿರೋ ಎಲ್ಲಾರ ಎಮ್ಯುಲೇಟರೂ ಕಾಣತಾವು. ಗ್ರೇಡಲ್ ಇನ್‌ಸ್ಟಾಲ್ ಮಾಡೋಮುಂದ ಹತ್ತಿದ ಎಲ್ಲಾ ಡಿವೈಸಿಗೂ ಹಾಕತೈತಿ. ಗದಗದಾಗ ಬಿಲ್ಡ್ ಹೊಡದ್ರ ರಾಣೆಬೆನ್ನೂರಿನಾಗ ಆ್ಯಪ್ ತಿರುಗಿ ಶುರು ಆಗತಿತ್ತು. ಎಡಿಬಿ ಡಿವೈಸಸ್ ಅಂತ ಒಂದು ಸಲ ಹೊಡದಿದ್ರ ಸಾಕಿತ್ತು, ಒಂದರ ಬದ್ಲಿಗೆ ಮೂರು ಎಮ್ಯುಲೇಟರ್ ಕಾಣತಿದ್ವು.

ಮುಚ್ಚಿದ ಬಗ್ ಮತ್ತ ತೆರದದ್ದು

ರಾತ್ರಿ ನಿದ್ದಿ ಹತ್ತಲಿಲ್ಲ, ಯಾಕಂದ್ರ ಬಗ್ ಸಿಕ್ಕದ್ದು ಒಂದು ಕಡೆ, ಈ ಒಂದು ತಿಂಗಳು "ಸರಿ ಆಗೇತಿ" ಅಂತ ಗುರ್ತು ಹಾಕಿ ಮುಚ್ಚಿದ ಬಗ್‌ಗಳ ಗತಿ ಏನು? ತಿದ್ದದ ಕೋಡ್ ಬ್ಯಾರೇದವರ ಮೆಟ್ರೊ ಮ್ಯಾಲೆ ಸರಿ ಕಂಡಿರಬಹುದು. ಕೆಲಸ ಆಗಲಾರದ್ದು ಆಗೇತಿ ಅಂತ ಕಂಡ್ರ ಅದು ಕೆಲಸ ಮಾಡದ ಟೂಲಿಗಿಂತ ಅಪಾಯ, ಇದನ್ನ ನಾನು ಮನಸಾರೆ ಹೇಳತೀನಿ. ಕ್ರ್ಯಾಶ್ ಆದ್ರ ಮನುಷ್ಯಾ ಹುಡುಕತಾನ, ತಪ್ಪು ಉತ್ತರ ನಗ್ತಾ ಬಂದ್ರ ಹುಡುಕಂಗಿಲ್ಲ.

ಮುಂಜಾನೆ ಮಾಲಕರಿಗೆ ಹೇಳಿದೆ, ಅಕ್ಟೋಬರಿನಿಂದ ಮುಚ್ಚಿದ್ದೆಲ್ಲಾ ಮತ್ತ ತೆರದು ಒಂದೊಂದ ನೋಡಬೇಕು ಅಂತ. "ಸಂಕ್ರಾಂತಿಗೆ ಕೊಡಬೇಕಲ್ಲೋ ತಮ್ಮಾ, ಮತ್ತ ಮೊದ್ಲಿಂದ ಅಂದ್ರ ಹೆಂಗ?" ಅಂದ್ರು. ಸಿಟ್ಟಿಲ್ಲ, ಚಿಂತಿ ಇತ್ತು. ಡಬ್ಬಿ-ಕಡ್ಡಿ ಚೀಟಿ ತೋರಸಿದೆ, "ಇದು ಮಾರ್ಕೆಟ್ಟಿನಾಗ ರೈತರ ಕೈಗೆ ಸಿಕ್ಕಿದ್ರ?" ಅಂದೆ. ನೋಡಿ ಸುಮ್ನಾದ್ರು, ಆಮ್ಯಾಲೆ "ಮಾಡ್ರಿ" ಅಂದ್ರು. ಈ ಪ್ರಕರಣದಾಗ ಎಲ್ಲಾದಕ್ಕಿಂತ ಛಲೋ ನಿರ್ಧಾರ ಇದ, ಮತ್ತ ಅದು ಟೆಕ್ನಿಕಲ್ ನಿರ್ಧಾರ ಅಲ್ಲ. ತೆರದು ನೋಡಿದಾಗ ಮೂರು ಬಗ್ ಖರೇ ತಿದ್ದಿದ್ದಿಲ್ಲ, ಅದರಾಗ ಒಂದು ತೂಕದ ದಶಾಂಶಕ್ಕ ಸಂಬಂಧಪಟ್ಟದ್ದು.

ತಾತ್ಪೂರ್ತಿಕ ಅಂತ ಪೋರ್ಟ್ ಹಂಚಿದ್ವಿ. ಒಬ್ಬಾಕಿಗೆ ಮೆಟ್ರೊ 8181, ಎಡಿಬಿ 5137, ಬ್ಯಾಕೆಂಡ್ (ಆ್ಯಪಿನ ಹಿಂದಿನ ಸರ್ವರ್) 3100, ಮುಂದಿನವಗ 8281, 5237, 3200, ಹಿಂಗ. ಎಡಿಬಿಗೆ ಆಂಡ್ರಾಯ್ಡ್ ಎಡಿಬಿ ಸರ್ವರ್ ಪೋರ್ಟ್ ಅಂತ ಒಂದು ಎನ್ವಿರಾನ್ಮೆಂಟ್ ವೇರಿಯೇಬಲ್ ಐತಿ, ದೊಡ್ಡ ಅಕ್ಷರ, ನಡುವ ಅಂಡರ್‌ಸ್ಕೋರ್, ಪ್ರತಿ ಯೂಸರಿಗೆ ಬ್ಯಾರೆ ನಂಬರ್ ಹಾಕಿದ್ರ ಪ್ರತಿಯೊಬ್ಬರಿಗೂ ಬ್ಯಾರೆ ಎಡಿಬಿ ಸರ್ವರ್. ಅದೂ ಪೂರಾ ಬಗಿಹರಸಂಗಿಲ್ಲ, ಎಡಿಬಿ ಸರ್ವರ್ 5555ರಿಂದ ಮುಂದಿನ ಪೋರ್ಟ್ ತಡವಿ ಎಮ್ಯುಲೇಟರ್ ಹುಡುಕೂದಕ್ಕ ಬ್ಯಾರೇದವರ ಎಮ್ಯುಲೇಟರ್ ಮತ್ತೂ ಕಾಣಬಹುದು, ಅದಕ್ಕ ಇನ್‌ಸ್ಟಾಲ್ ಮಾಡೋಮುಂದ ಡಿವೈಸಿನ ಹೆಸರು ಹೇಳೂದು ಕಡ್ಡಾಯ ಮಾಡಿದ್ವಿ. ಆ್ಯಪಿನ ಹೆಡ್ಡಿಂಗಿನ ಕೆಳಗ ಡೆವಲಪರ್ ಹೆಸರು, ಕೋಡಿನ ಬ್ರ್ಯಾಂಚ್ ಹೆಸರು ಸಣ್ಣ ಅಕ್ಷರದಾಗ ಬರೋ ಹಂಗ ಗದಗದಾಕಿನ ಹಾಕಿದಳು. ಯಾರೂ ಹೇಳಿದ್ದಿಲ್ಲ ಆಕಿಗೆ.

ದೀಪಾವಳಿ ಮುಗಿಸಿ ಬಂದಾಗ

2023ರ ಬಲಿಪಾಡ್ಯಮಿ ನವೆಂಬರ್ 14, ಮಂಗಳವಾರ. ಅದ ತಿಂಗಳಿನ ಎರಡನೇ ಮಂಗಳವಾರ, ವಿಂಡೋಸ್ ಅಪ್‌ಡೇಟ್ ಬರೋ ದಿನ. ಹಬ್ಬ ಮುಗಿಸಿ ಎಲ್ಲಾರೂ ಕೆಲಸಕ್ಕ ಕುಂತ್ರ ಒಬ್ಬರು ಒಳಗ ಬಂದ್ರ ಇನ್ನೊಬ್ಬರು ಹೊರಗ ಬೀಳಾಕತ್ರು. ಅಪ್‌ಡೇಟಿನಾಗ ಆ ಡಿಎಲ್‌ಎಲ್ ಬದಲಾಗಿತ್ತು, ರ‍್ಯಾಪರಿಗೆ ಹೊಸಾ ಆವೃತ್ತಿಯ ಗುರುತು ಇಲ್ಲ, ಅದರ ಕಿಡಕಿಯೊಳಗ ಕೆಂಪ ಅಕ್ಷರದಾಗ "ನಾಟ್ ಸಪೋರ್ಟೆಡ್". ಯಾರೋ ಎಲ್ಲೋ ಆ ಗುರುತಿರೋ ಹೊಸಾ ಐಎನ್‌ಐ ಫೈಲ್ ಮಾಡಿ ಹಾಕೋ ತನಕ ಕಾಯಬೇಕು, ಇಲ್ಲಾ ಸೆಕ್ಯುರಿಟಿ ಅಪ್‌ಡೇಟ್ ತೆಗಿಯಬೇಕು. ಅಪ್‌ಡೇಟ್ ತೆಗಿಯೂದು ಅಂತ ಮಾಲಕರು ಹೊಂಟಿದ್ರು.

ಅದಕ್ಕಿಂತ ಮೊದಲು ಒಂದು ಸಲ ಇವೆಂಟ್ ವ್ಯೂವರ್ ನೋಡೂಣು ಅಂದೆ. ಸೆಕ್ಯುರಿಟಿ ಲಾಗಿನಾಗ 4625, ಅಂದ್ರ ಲಾಗಿನ್ ತಪ್ಪಿದ ದಾಖಲೆ, ಸಾಲಿಗೆ ಸಾಲು, ಸೆಕೆಂಡಿಗೆ ಒಂದೊಂದು, ಅಡ್ಮಿನ್, ಟೆಸ್ಟ್, ಯೂಸರ್ ಅಂತ ಹೆಸರು ಹಾಕಿ ಹಾಕಿ ಯಾರೋ ಬಾಗಲಾ ಬಡಿಯಾಕತ್ತಿದ್ರು. ರೂಟರಿನಾಗ ಆರ್‌ಡಿಪಿಯ 3389 ಪೋರ್ಟನ್ನ ಸೀದಾ ಇಂಟರ್ನೆಟ್ಟಿಗೆ ತೆರದಿಟ್ಟಿದ್ವಿ ನಾವು. ಹಂಗ ತೆರದಿಟ್ಟ ಮಷೀನಿನಿಂದ ಸೆಕ್ಯುರಿಟಿ ಅಪ್‌ಡೇಟ್ ತೆಗಿಯೂದು ಅಂದ್ರ ಬಾಗಲದ ಕೊಂಡಿ ಕಿತ್ತಂಗ. ಪರದೆ ಮಾಲಕರಿಗೆ ತೋರಸಿದೆ, ಅವರ ಕಣ್ಣ ಮುಂದ ಹೊಸಾ ಸಾಲು ಏರಾಕತ್ತಿದ್ವು. ಅವತ್ತ ಸಂಜಿಗೆ ಆ ಪೋರ್ಟ್ ಬಂದ್, ವೈರ್‌ಗಾರ್ಡ್ ವಿಪಿಎನ್ (ನಮ್ಮ ಮಂದಿಗಷ್ಟ ತೆರಿಯೋ ಖಾಸಗಿ ಸಂಪರ್ಕ) ಹಾಕಿ ಅದರ ಒಳಗಿಂದಷ್ಟ ದಾರಿ. ರ‍್ಯಾಪರೂ ಅವತ್ತ ತೆಗದು ಹಾಕಿದೆ.

ಬ್ಯಾರೆ ದಾರಿ

ಐದು ಮಂದಿ ಮತ್ತ ಮಷೀನು ಇಲ್ದ ಕುಂತ್ರು, ಎರಡು ವಾರ ಪಾಳಿ ಮ್ಯಾಲೆ ಒಬ್ಬೊಬ್ಬರ ಒಳಗ ಹೋಗಿ ಕೆಲಸ ಮಾಡಿದ್ವಿ, ಭಾಳ ತ್ರಾಸಾತು. ಮೊದಲು ಹೈಪರ್-ವಿ ಹಾಕಿ ಪ್ರತಿಯೊಬ್ಬರಿಗೂ ಬ್ಯಾರೆ ವರ್ಚುವಲ್ ಮಷೀನ್ (ಮಷೀನಿನೊಳಗ ಓಡೋ ಇನ್ನೊಂದು ಮಷೀನ್) ಕೊಡಬೇಕು ಅಂದ್ಕೊಂಡ್ವಿ. ಪೋರ್ಟಿನ ಜಗಳ ಅದರಾಗ ಪೂರಾ ಮುಗೀತೈತಿ, ಆದ್ರ ಒಳಗ ಎಮ್ಯುಲೇಟರ್ ಓಡಬೇಕಂದ್ರ ನೆಸ್ಟೆಡ್ ವರ್ಚುವಲೈಸೇಷನ್ (ವರ್ಚುವಲ್ ಮಷೀನಿನೊಳಗ ಮತ್ತೊಂದು) ಬಿಚ್ಚಬೇಕು, ಪ್ರತಿಯೊಂದಕ್ಕೂ ವಿಂಡೋಸ್ ಲೈಸೆನ್ಸ್ ಬೇಕು, 64 ಜಿಬಿ ಹರದು ಹಂಚಿದ್ರ ಒಬ್ಬೊಬ್ಬರಿಗೆ ಬರೂದು ಮತ್ತ ಬಿಗೀನ. ಎರಡು ಮಾಡಿ ನೋಡಿ ಬಿಟ್ವಿ.

ಆವಾಗ ಧಾರವಾಡದ ಹುಡುಗ ಒಂದು ಪ್ರಶ್ನಿ ಕೇಳಿದ: "ಸರ್, ಡೆಸ್ಕ್‌ಟಾಪ್ ಪೂರಾ ಯಾಕ ಹೊತ್ಕೊಂಡು ಹೋಗಬೇಕ್ರಿ? ಭಾರ ಇರೂದು ಬಿಲ್ಡ್ ಅಷ್ಟ ಅಲ್ರಿ?" ಬರೋಬ್ಬರಿ ಮಾತು. ಎಡಿಟರ್ ಕಿಡಕಿ 4 ಜಿಬಿ ಲ್ಯಾಪ್‌ಟಾಪಿನಾಗ ನಡೀತೈತಿ. ಎಮ್ಯುಲೇಟರ್ ಬದ್ಲಿಗೆ ಎಲ್ಲಾರ ಕಿಸೆದಾಗೂ ಒಂದು ಖರೇ ಆಂಡ್ರಾಯ್ಡ್ ಫೋನ್ ಐತಿ, ದಲಾಲರ ಕೈಯಾಗಿರೋ ಫೋನೂ ಅಂಥವ. ಉಳೀತು ಬಿಲ್ಡ್, ಅದಷ್ಟ ದೊಡ್ಡ ಮಷೀನಿನಾಗ ಆಗಲಿ.

ಡಿಸೆಂಬರ್ ಕೊನಿಗೆ ಮಷೀನಿಗೆ ವಿಂಡೋಸ್ ಬದ್ಲಿಗೆ ಉಬುಂಟು ಲಿನಕ್ಸ್ ಬಂತು, ಪ್ರತಿಯೊಬ್ಬರಿಗೂ ಒಂದು ಅಕೌಂಟ್, ಮನಿಯಿಂದ ವಿಎಸ್ ಕೋಡ್ ಎಡಿಟರಿನ ರಿಮೋಟ್ ಎಸ್‌ಎಸ್‌ಎಚ್ (ದೂರದ ಮಷೀನಿಗೆ ಹತ್ತೋ ಸುರಕ್ಷಿತ ದಾರಿ). ಲಿನಕ್ಸಿನಾಗೂ ಪೋರ್ಟ್ ಎಲ್ಲಾರಿಗೂ ಕೂಡಿ ಒಂದ, ಅದಕ್ಕ ಹಂಚಿದ ಪೋರ್ಟ್ ಪಟ್ಟಿ ಹಂಗ ಉಳೀತು. ಮನ್ಯಾಗ ಕರೆಂಟ್ ಹೋದ್ರೂ ಸ್ಕ್ರಿಪ್ಟ್ ಸಾಯಬಾರದು ಅಂತ ಟಿಮಕ್ಸ್, ಸಂಪರ್ಕ ತಪ್ಪಿದ್ರೂ ಅದು ಕಮಾಂಡನ್ನ ಓಡ್ಕೋತ ಇಡತೈತಿ. ಲಕ್ಷ್ಮೇಶ್ವರದ ಹುಡುಗಗ ಅದನ್ನ ಕಲಿಸಿದ ದಿನ ಆಂವ ಬೇಕಂತನ ಲ್ಯಾಪ್‌ಟಾಪ್ ಬಂದ್ ಮಾಡಿ, ಹತ್ತು ನಿಮಿಷ ಬಿಟ್ಟು ಬಂದು ನೋಡಿ, ಸ್ಕ್ರಿಪ್ಟ್ ಓಡಾಕತ್ತಿದ್ದು ಕಂಡು ನನಗ ಫೋಟೊ ಕಳಸಿದ.

ಫೋನ್ ಜೋಡಸೂದ್ರಾಗ ಒಂದು ದಿನ ಹೋತು, ಇದು ಮಾಡಾಕ ಹೋಗೋರಿಗೆ ಉಪಯೋಗ ಆದೀತು. ಫೋನ್ ಮನಿ ಲ್ಯಾಪ್‌ಟಾಪಿಗೆ ಯುಎಸ್‌ಬಿಲೆ ಹತ್ತಿರತೈತಿ, ಎಡಿಬಿ ಸರ್ವರ್ ಅಲ್ಲೆ 5037ರ ಮ್ಯಾಲೆ. ಎಸ್‌ಎಸ್‌ಎಚ್‌ನ ದೊಡ್ಡ ಆರ್ ಆಯ್ಕೆಯಿಂದ ಆಫೀಸ್ ಮಷೀನಿನ 5137ನ್ನ ಮನಿಯ 5037ಕ್ಕ ಕಟ್ಟಿದ್ರ ಆಫೀಸಿನಾಗ ಬಿಲ್ಡ್ ಆದ ಆ್ಯಪ್ ಗದಗದ ಮನ್ಯಾಗಿನ ಫೋನಿಗೆ ಹೋಗಿ ಕುಂಡ್ರತೈತಿ. ಎರಡೂ ಕಡೆ ಎಡಿಬಿ ಆವೃತ್ತಿ ಒಂದ ಇರಬೇಕು, ಬ್ಯಾರೆ ಇದ್ರ ಒಂದು ಇನ್ನೊಂದನ್ನ ಕೊಂದು ಹಾಕಾಕ ನೋಡತೈತಿ. ಇಷ್ಟಾದ್ರೂ ಫೋನಿನಾಗ ಮತ್ತ ಕೆಂಪು ಪರದೆ. ಎಡಿಬಿ ರಿವರ್ಸ್ ಮಾಡಿದ್ರ ಫೋನಿನ ಪೋರ್ಟ್ ಬಂದು ಬೀಳೂದು ಎಡಿಬಿ ಸರ್ವರ್ ಎಲ್ಲೈತಿ ಅಲ್ಲೆ, ಅಂದ್ರ ಮನಿ ಲ್ಯಾಪ್‌ಟಾಪಿನಾಗ, ಮೆಟ್ರೊ ಇರೂದು ಆಫೀಸಿನಾಗ. ಅದ ಎಸ್‌ಎಸ್‌ಎಚ್ ಸಾಲಿಗೆ ದೊಡ್ಡ ಎಲ್ ಆಯ್ಕೆ ಸೇರಿಸಿ ಮನಿಯ 8181ನ್ನ ಆಫೀಸಿನ 8181ಕ್ಕ ಕಟ್ಟಿದ ಮ್ಯಾಲೆ ಆತು. ಒಂದು ದಾರಿ ಹೋಗಾಕ, ಒಂದು ದಾರಿ ಬರಾಕ.

ಸಂಕ್ರಾಂತಿಗೆ ನಾಲ್ಕು ದಿನ ಮೊದಲ ಆ್ಯಪ್ ಕೊಟ್ವಿ.

ಫೆಬ್ರುವರಿಯೊಳಗ ಮತ್ತ ಒಂದು ಸಲ ಪಾಠ ಆತು, ಈ ಸಲದ ತಪ್ಪೂ ನಮ್ದ. ಅವಸರದಾಗ ನಾವು ಹಾಕಿದ್ದು ಹಳೇ ಡಿಸ್ಕಿನಾಗ ಮೊದಲ ಇದ್ದ ಉಬುಂಟು 18.04, ಅದರ ಸಾಮಾನ್ಯ ಬೆಂಬಲ 2023ರ ಮೇ ತಿಂಗಳಿಗೆ ಮುಗದಿತ್ತು. ವಿಎಸ್ ಕೋಡ್ 1.86 ಬಂದಾಗ ಎದುರಿನ ಮಷೀನಿನಾಗ ಜಿಲಿಬ್‌ಸಿ (ಲಿನಕ್ಸಿನ ಮೂಲ ಲೈಬ್ರರಿ) 2.28 ಬೇಕು ಅಂತು, ನಮ್ಮಲ್ಲಿ 2.27. ಮುಂಜಾನೆ ಐದೂ ಮಂದಿ ಹೊರಗ. ವಿಎಸ್ ಕೋಡಿನವರು ಸ್ವಲ್ಪ ದಿನದಾಗ 1.86.1 ಬಿಡುಗಡೆ ಮಾಡಿ ಹಳೇ ಮಷೀನಿಗೆ ಇನ್ನೂ ಸ್ವಲ್ಪ ಕಾಲ ಅವಕಾಶ ಕೊಟ್ರು, ಕೆಲಸ ಮತ್ತ ಶುರು ಆತು, ಮ್ಯಾಲೊಂದು ಎಚ್ಚರಿಕೆಯ ಪಟ್ಟಿ ಇಟ್ಕೊಂಡು. ಮಾಲಕರು ಕೇಳಿದ್ರು, "ಈಗ ನಡೀತೈತಲ್ಲ?" ಅಂತ. ನಡೀತೈತ್ರಿ, ಆದ್ರ ಈ ಸಲ ನಾನು ಹೂಂ ಅನ್ನಂಗಿಲ್ಲ ಅಂದೆ. ಆ ಶನಿವಾರ ಕುಂತು 22.04 ಹಾಕಿದೆ, ಸೋಮವಾರ ಎಲ್ಲಾರೂ ತಮ್ಮ ತಮ್ಮ ಪೋರ್ಟ್ ಮ್ಯಾಲೆ ಕೆಲಸ ಶುರು ಮಾಡಿದ್ರು.

ವಿಂಡೋಸ್ ಬೇಕಾದ ಒಂದ ಒಂದು ಕೆಲಸ ಉಳದಿತ್ತು, ಚೀಟಿ ಪ್ರಿಂಟರಿನ ಡ್ರೈವರ್ ಪರೀಕ್ಷೆ. ಅದಕ್ಕ ಬ್ಯಾರೆ ಒಂದು ಸಣ್ಣ ಮಷೀನು ಇಟ್ಟೀವಿ, ಒಂದು ಸಲಕ್ಕ ಒಬ್ಬರ ಒಳಗ ಹೋಗೂದು, ಯಾರು ಹೋಗ್ಯಾರ ಅಂತ ಆಫೀಸಿನ ವಾಟ್ಸ್ಯಾಪ್ ಗ್ರೂಪಿನಾಗ ಹಾಕೂದು. ಪೋರ್ಟ್ ಪಟ್ಟಿ ಮಷೀನಿನ ಬಾಜೂ ಗ್ವಾಡಿಗೆ ಅಂಟಿಸೀವಿ. ಮೊನ್ನೆ ಹೊಸಾ ಹುಡುಗಿ ಒಬ್ಬಾಕಿ ಸೇರಿದಳು, ಸವಣೂರಿನಾಕಿ, ಪಟ್ಟಿಯೊಳಗ ಆಕಿ ಹೆಸರು ಬರದು ಮುಂದ 8681, 5637, 3600 ಅಂತ ಗದಗದಾಕಿನ ಹಾಕಿ ಕೊಟ್ಟಳು.